ಅತ್ತೆಯವರ ಪವಿತ್ರ ಎಲುಬು

“ಒದೀರಿ ಅಂದ್ರ ಒದೀರಿ, ಅಳಿಯಾರ. ಇದರಾಗ ವಿಚಾರ ಮಾಡೂದೇನೈತಿ?”

ಹೀಗೆಂದವರು ಶಾಂತವ್ವ. ನ್ಯೂಜಿಲೆಂಡಿನ ಮೌಂಟ್ ರಾಸ್ಕಿಲ್‌ನ ಆ ಬಾಡಿಗೆ ಮನೆಯ ಹಾಲಿನಲ್ಲಿ, ಸೋಫಾದ ಬೆನ್ನಿಗೆ ಎರಡೂ ಕೈ ಊರಿಕೊಂಡು, ಅರ್ಧ ಮಡಚಿದ ಕೊಡೆಯ ಹಾಗೆ ಬಗ್ಗಿ ನಿಂತಿದ್ದರು. ಅವರ ಹಿಂದೆ ಎರಡು ಮಾರು ದೂರದಲ್ಲಿ ಕೈಕಟ್ಟಿ ನಿಂತಿದ್ದವನು ಅಳಿಯ ಮೃತ್ಯುಂಜಯ. ಹೆಣ್ಣು ಕೊಟ್ಟ ಅತ್ತೆ ತಾವಾಗಿ ಬೆನ್ನು ತೋರಿಸಿ, ಅಳಿಯನ ಮರ್ಯಾದೆಗೆ ಎಳ್ಳಷ್ಟೂ ಕುಂದು ಬಾರದಂತೆ ‘ಒದೀರಿ’ ಎಂದು ಬಹುವಚನದಲ್ಲಿ ಕೇಳುವ ಭಾಗ್ಯ ಎಷ್ಟು ಜನ ಅಳಿಯಂದಿರಿಗೆ ಸಿಕ್ಕೀತು? ಸಿಕ್ಕವನಿಗೆ ಅದು ಬೇಡವಾಗಿತ್ತು.

“ಅತ್ತಿಯವರ, ನೀವು ಸ್ವಲ್ಪ ತಿಳ್ಕೊಳ್ರಿ. ನೀವು ಒದಿ ಅನ್ನೂ ಜಾಗಾ ಐತಲ್ಲ, ಅದು ಸಾದಾ ಎಲುಬು ಅಲ್ಲ. ಗ್ರೀಕರು ಅದಕ್ಕ ‘ಪವಿತ್ರ ಎಲುಬು’ ಅಂತ ಹೆಸರಿಟ್ಟಾರ. ಹಿಂದಕ ಬಲಿ ಕೊಡೂವಾಗ ಅದೊಂದು ಎಲುಬು ದೇವರ ಪಾಲು ಅಂತ ತೆಗೆದಿಡತಿದ್ರಂತ. ಕೆಲವ್ರು ಹೇಳ್ತಾರ, ಮನಷ್ಯಾ ಸತ್ತ ಮ್ಯಾಲ ಎಲ್ಲಾ ಕರಗಿದ್ರೂ ಅದೊಂದು ಕರಗೂದಿಲ್ಲಂತ...”

“ನಾ ಇನ್ನೂ ಸತ್ತಿಲ್ರಿ.”

“ಹಂಗಲ್ರಿ. ದೇವರ ಪಾಲಿನ ಎಲುಬಿಗೆ ಕಾಲು ಹಚ್ಚೂದು ಅಂದ್ರ...”

“ಗ್ರೀಕರ ದೇವ್ರು ನನ್ನ ಟೊಂಕದಾಗ ಯಾಕ ಬಂದು ಕುಂತಾನ? ಎಬ್ಬಸ್ರಿ ಅವನ್ನ. ನಾ ಟೌರಂಗಾಕ್ಕ ಹೋಗಬೇಕು.”

ಇಲ್ಲಿ ನಡುವೆ ಬಾಯಿ ಹಾಕಿ ಒಂದು ವಿಷಯ ಹೇಳದಿದ್ದರೆ ಓದುವವರು ಈ ಅತ್ತೆ–ಅಳಿಯ ಇಬ್ಬರಿಗೂ ತಲೆ ಸರಿಯಿಲ್ಲ ಎಂದುಕೊಂಡಾರು. ಮೃತ್ಯುಂಜಯ ಹುಟ್ಟುವಾಗ ತಲೆಯ ಬದಲು ಕಾಲು ಮುಂದೆ ಮಾಡಿಕೊಂಡು ಬಂದವನು. ಬದುಕುವುದಿಲ್ಲ ಎಂದುಕೊಂಡಿದ್ದ ಕೂಸು ಬದುಕಿತಲ್ಲ, ಅದಕ್ಕೇ ಆ ಹೆಸರು. ಹಾಗೆ ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಮುಂಡರಗಿ ಹತ್ತಿರದ ಅವನ ಊರಿನಲ್ಲಿ ಬೆಳಗಾದರೆ ಸಾಕು, ಸೊಂಟ ಹಿಡಿದುಕೊಂಡವರು ಮನೆಯ ಮುಂದೆ ಬಂದು ನಿಲ್ಲುತ್ತಿದ್ದರು. ಕಣ್ಣಲ್ಲಿ ನಿದ್ದೆ ತುಂಬಿದ ಹುಡುಗನನ್ನು ಹಾಸಿಗೆಯಿಂದ ಎಬ್ಬಿಸಿ ತಂದು ಹೊಸ್ತಿಲಲ್ಲಿ ನಿಲ್ಲಿಸುತ್ತಿದ್ದರು. ಅವನು ಊರಿನ ಹಿರಿಯರಾದ ದೈವದವರಿಂದ ಹಿಡಿದು ಕನ್ನಡ ಶಾಲೆಯ ಹೆಡ್‌ಮಾಸ್ತರರ ತನಕ ಎಲ್ಲರಿಗೂ ಒದ್ದು, ಕೈಯಲ್ಲಿಟ್ಟ ಶೇಂಗಾ–ಬೆಲ್ಲ ತಿಂದು, ಮತ್ತೆ ಹೋಗಿ ಮಲಗುತ್ತಿದ್ದ.

ಎಂಜಿನಿಯರಿಂಗ್ ಕಾಲೇಜು ಸೇರಿದ ಮೇಲೆ ಮೃತ್ಯುಂಜಯನಿಗೆ ಈ ಕೀರ್ತಿ ಮುಜುಗರವಾಯಿತು. ನ್ಯೂಜಿಲೆಂಡಿಗೆ ಬಂದ ಮೇಲಂತೂ ಅದನ್ನು ಹೆಂಡತಿ ಕಾತ್ಯಾಯಿನಿಯ ಹೊರತು ಯಾರಿಗೂ ಹೇಳಿರಲಿಲ್ಲ. ಆದರೆ ಮೈಯ ಮೇಲಿನ ಆಸಕ್ತಿ ಎಲ್ಲಿ ಹೋದೀತು? ಈಸ್ಟ್ ತಮಾಕಿಯ ಕಾರ್ಖಾನೆಗೆ ಎರಡು ಬಸ್ಸು ಬದಲಾಯಿಸಿ ಹೋಗುವ ದಾರಿಯಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು, ಹಳೆಯ ಗ್ರೀಕರು ದೇಹದ ಯಾವ ಭಾಗಕ್ಕೆ ಯಾಕೆ ಯಾವ ಹೆಸರಿಟ್ಟರು ಎಂಬುದನ್ನು ಕೇಳತೊಡಗಿದ. ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನ ಅವನದಲ್ಲ. ಕನ್ನಡ ಕೂಟದ ಯುಗಾದಿ ಊಟದಲ್ಲಿ ಮೈಸೂರಿನ ರಾಮಮೂರ್ತಿಯವರ ಪಕ್ಕ ಕೂತು, “ನಿಮ್ಮ ಕಿವೀ ತೂತಿನ ಮುಂದಿನ ಈ ಸಣ್ಣ ಗುಬುಟಿಗೆ ಗ್ರೀಕರು ‘ಹೋತ’ ಅಂತ ಹೆಸರಿಟ್ಟಾರ ಸರ್. ಯಾಕಂದ್ರ ವಯಸ್ಸಾದವ್ರಿಗೆ ಅಲ್ಲಿ ಹೋತದ ಗಡ್ಡದಂಗ ಕೂದಲಾ ಬರತಾವ, ನಿಮಗ ಬಂದಂಗ” ಎಂದು ಎಲ್ಲರ ಮುಂದೆ ತೋರಿಸಿದ. ರಾಮಮೂರ್ತಿ ದೀಪಾವಳಿಯ ತನಕ ಅವನೊಂದಿಗೆ ಮಾತಾಡಲಿಲ್ಲ.

ಇನ್ನು ಆ ಶನಿವಾರ ಬೆಳಿಗ್ಗೆ ಆದದ್ದು.

ಮಾರನೆಯ ದಿನ ಟೌರಂಗಾದಲ್ಲಿ ಶಾಂತವ್ವನ ಕಿರಿಯ ಮಗಳು ವಚನಾಳ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ. ಶಾಂತವ್ವ ಗದಗಿನಿಂದ ಇಷ್ಟು ಸಮುದ್ರ ದಾಟಿ ಬಂದದ್ದೇ ಅದಕ್ಕೆ. ಅವರ ಮನೆತನದಲ್ಲಿ ತಾಯಿಯ ತಾಯಿಯೇ ಬಗ್ಗಿ, ಕೂಸನ್ನು ತೊಟ್ಟಿಲ ಕೆಳಗಿನಿಂದ ದಾಟಿಸಿ, ಮೇಲೆತ್ತಿ ಒಳಗೆ ಮಲಗಿಸಬೇಕು. ತೊಟ್ಟಿಲು ಕೊಡಬೇಕಾದವರು ದೊಡ್ಡಪ್ಪ–ದೊಡ್ಡವ್ವ. ಅದಕ್ಕೆ ಮೃತ್ಯುಂಜಯ ಯಾರೋ ಬಳಸಿದ, ರಿಮು ಎಂಬ ಅಲ್ಲಿನ ಗಟ್ಟಿ ಮರದ ತೊಟ್ಟಿಲನ್ನು ಹುಡುಕಿ ತಂದು, ತಾನೇ ಉಜ್ಜಿ ಪಾಲಿಶ್ ಹಚ್ಚಿದ್ದ. ಕಬ್ಬಿಣದಷ್ಟು ಭಾರ. ಅದನ್ನು ಗ್ಯಾರೇಜಿನಿಂದ ಹೊರಗೆ ತರಲು ಅತ್ತೆ, ಅಳಿಯ ಇಬ್ಬರೂ ಒಂದೊಂದು ತುದಿ ಹಿಡಿದಿದ್ದರು. ಅಷ್ಟರಲ್ಲಿ ಬೇಲಿಯಾಚೆಯ ಡೋರೀನ್ ಅಜ್ಜಿ ಕಾಣಿಸಿಕೊಂಡಳು. “ಕುತ್ತಿಗೆ ಒಂದು ಕಡೆ ತಿರುಗುತ್ತಲೇ ಇಲ್ಲ ಕಣಪ್ಪ” ಎಂದಳು. ಆಕೆ ಹೇಳಿದ್ದು ಅಷ್ಟೇ.

ಮೃತ್ಯುಂಜಯ ತನ್ನ ತುದಿಯನ್ನು ನೆಲಕ್ಕಿಟ್ಟು ಬೇಲಿಯ ಹತ್ತಿರ ಹೋದ. ಕುತ್ತಿಗೆಯ ಮೊದಲನೆಯ ಎಲುಬಿಗೆ ಅಟ್ಲಾಸ್ ಎಂದು ಹೆಸರು. ಅಟ್ಲಾಸ್ ಎಂಬವನು ಆಕಾಶವನ್ನು ಹೆಗಲ ಮೇಲೆ ಹೊತ್ತ ದೈತ್ಯ. ಅವನು ಆಕಾಶ ಹೊತ್ತಂತೆ ಈ ಎಲುಬು ತಲೆಯನ್ನು ಹೊತ್ತಿದೆ. ನಿಮ್ಮ ತಲೆ ಎಂದರೆ ನಿಮ್ಮ ಪಾಲಿನ ಆಕಾಶ ಎಂದೆಲ್ಲ ಕೈ ಎತ್ತಿ ತೋರಿಸುತ್ತ ನಿಂತ. ಅವನು ಗಾಳಿಯಲ್ಲಿ ಆಕಾಶ ಹೊತ್ತು ನಿಂತಿರುವಾಗ ಹಿಂದುಗಡೆ ಶಾಂತವ್ವ, “ಇವ್ರ ಆಕಾಶ ಇಳಿಯೂದರಾಗ ಸಂಜೀ ಆಗತೈತಿ” ಎಂದುಕೊಂಡು ತೊಟ್ಟಿಲನ್ನು ಒಬ್ಬರೇ ಎತ್ತಿದರು.

ಎತ್ತಿದರು, ಸರಿ. ಇಳಿಸಿದ ಮೇಲೆ ತಾವು ಮೇಲೆ ಬರಲಿಲ್ಲ.

ಕ್ಲಿನಿಕ್ಕಿನ ಡಾಕ್ಟರಮ್ಮ ಮುಟ್ಟಿ, ಒತ್ತಿ, ಕಾಲು ಎತ್ತಿಸಿ ನೋಡಿ, ಎಲುಬಿಗೆ ಏನೂ ಆಗಿಲ್ಲ, ಸ್ನಾಯು ಹಿಡಿದುಕೊಂಡಿದೆ, ಮಾತ್ರೆ ನುಂಗಿ, ಮೆಲ್ಲಗೆ ಓಡಾಡುತ್ತಿರಿ, ತಾನಾಗಿ ಬಿಡುತ್ತದೆ ಎಂದರು. ನೆಟ್ಟಗೆ ಕೂರಲು ಬರುವ ತನಕ ಮೂರು ತಾಸಿನ ಕಾರಿನ ಪ್ರಯಾಣ ಮಾತ್ರ ಬೇಡವಂತೆ. ಯಾವಾಗ ಬಿಡುತ್ತದೆ ಎಂದು ಕೇಳಿದರೆ, ನಾಳೆಯೂ ಬಿಡಬಹುದು, ಮುಂದಿನ ವಾರವೂ ಆಗಬಹುದು.

ಟೌರಂಗಾದಿಂದ ವಚನಾ ಫೋನಿನಲ್ಲಿ ಅಳು ತಡೆದುಕೊಂಡು, “ಇರ್ಲಿ ಬಿಡವ್ವ, ನೀ ವಿಡಿಯೋದಾಗ ನೋಡು. ಯಾರರ ಬಗ್ಗತಾರ” ಎಂದಳು. ಶಾಂತವ್ವ ಫೋನನ್ನು ಕಾತ್ಯಾಯಿನಿಯ ಕೈಗಿಟ್ಟರು. ಆಮೇಲೆ ಹಾಗೇ ಬಗ್ಗಿಕೊಂಡೇ ಅಳಿಯನ ಕಡೆ ತಿರುಗಿ, ಈ ಕಥೆಯ ಮೊದಲ ಮಾತನ್ನು ಆಡಿದರು.

“ರೀ,” ಎಂದಳು ಕಾತ್ಯಾಯಿನಿ, “ಬೆಳಿಗ್ಗೆ ಅವ್ವ ತೊಟ್ಟಲಾ ಎತ್ತೂವಾಗ ನಿಮ್ಮ ಗ್ರೀಕರು ಬಂದು ಒಂದ್ ಕೈ ಹಚ್ಚಿದ್ರೇನು?”

“ಇಲ್ಲ.”

“ಮತ್ತ ಈಗ್ಯಾಕ ನಡುವ ಬರತಾರ?”

ಮೃತ್ಯುಂಜಯ ಕಟ್ಟಿದ ಕೈ ಬಿಚ್ಚಿದ.

ಅಷ್ಟು ಹೊತ್ತಿಗೆ ತೊಟ್ಟಿಲು ಒಯ್ಯಲೆಂದು ರಾಮಮೂರ್ತಿ ತಮ್ಮ ಯೂಟ್, ಅಂದರೆ ಹಿಂದೆ ಸಾಮಾನು ಹೇರುವ ಗಾಡಿ, ತಂದು ಮನೆ ಮುಂದೆ ನಿಲ್ಲಿಸಿದರು. ಹೋತದ ಗಾಯ ಮಾಗಿ, ಈಗ ಇಬ್ಬರೂ ಮತ್ತೆ ಸ್ನೇಹಿತರು. ವಿಷಯ ಕೇಳಿದ್ದೇ ಅವರ ಮುಖ ಅರಳಿತು.

“ಏನ್ ಸಾರ್, ಇಷ್ಟು ವರ್ಷ ನೀವು ಕಾಲು ಮುಂದಾಗಿ ಹುಟ್ಟಿದೋರು ಅಂತ ಒಂದ್ ಮಾತು ಹೇಳ್ಲಿಲ್ವಲ್ಲ! ನಮ್ ಸೋದರತ್ತೆಗೂ ಹೀಗೇ ಸೊಂಟ ಹಿಡ್ಕೊಂಡಾಗ ಒಬ್ರು ಬಂದು ಒದ್ದಿದ್ರು. ಒಂದೇ ಏಟಿಗೆ ಎದ್ದು ಹಪ್ಪಳ ಒಣಗಿಸೋಕೆ ಹೋದ್ರು.”

“ಆದ್ರ ಸರ್, ಅತ್ತಿಯವರಿಗೆ...”

“ಅಮ್ಮನೇ ಕೇಳ್ತಿದ್ದಾರಲ್ಲ! ಒದೀರಿ, ನಾನಿದೀನಿ.”

ನಾನಿದ್ದೇನೆ ಎಂದವರು ಮಾಡಿದ ಮೊದಲ ಕೆಲಸವೆಂದರೆ ಜೇಬಿನಿಂದ ಫೋನು ತೆಗೆದು ಎತ್ತಿ ಹಿಡಿದದ್ದು.

ಒದೆಗೂ ಶಾಸ್ತ್ರವಿದೆ. ಒದೆಸಿಕೊಳ್ಳುವವರು ಪೂರ್ವಕ್ಕೆ ಮುಖ ಮಾಡಿ ಹೊಸ್ತಿಲ ಮೇಲೆ ನಿಲ್ಲಬೇಕು. ಒದೆಯುವವನು ಹಿಂದಿನಿಂದ ಮೂರು ಸಲ ಕಾಲು ತಾಗಿಸಬೇಕು. ಆ ಮನೆಯಲ್ಲಿ ಪೂರ್ವಕ್ಕಿದ್ದದ್ದು ಮುಂಬಾಗಿಲು ಒಂದೇ. ಮುಂಬಾಗಿಲಿಗೆ ನೇರವಾಗಿ ಇದ್ದದ್ದು ಡೋರೀನಳ ಅಡುಗೆಮನೆಯ ಕಿಟಕಿ. ಆಕೆ ಅಲ್ಲಿ ನಿಂತು ಪಾತ್ರೆ ತೊಳೆಯುತ್ತಿದ್ದಳು.

ಇನ್ನು ಮುಂದಿನದನ್ನು ಆ ಕಿಟಕಿಯಿಂದಲೇ ನೋಡಬೇಕು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಮುದುಕಿಯೊಬ್ಬಳು ಬಗ್ಗಿ ನಿಂತಿದ್ದಾಳೆ. ಪಕ್ಕದ ಮನೆಯ ಒಳ್ಳೆಯ ಮನುಷ್ಯ, ಬೆಳಿಗ್ಗೆ ತಾನೇ ಆಕಾಶ ಹೊತ್ತು ತೋರಿಸಿದವನು, ಆಕೆಯ ಹಿಂದೆ ಉದ್ದಕ್ಕೆ ಬಿದ್ದು ಎರಡೂ ಪಾದ ಹಿಡಿದುಕೊಂಡ. ಎದ್ದ. ಒದ್ದ. ಮತ್ತೆ ಬಿದ್ದು ಪಾದ ಹಿಡಿದುಕೊಂಡ. ದಪ್ಪ ಕನ್ನಡಕದ ಇನ್ನೊಬ್ಬ ಅದನ್ನು ವಿಡಿಯೋ ಮಾಡುತ್ತಿದ್ದಾನೆ. ಸೀರೆಯುಟ್ಟ ಹೆಂಗಸೊಬ್ಬಳು ಪಕ್ಕದಲ್ಲಿ ನಿಂತು ಎಣಿಸುತ್ತಿದ್ದಾಳೆ.

“ಇದೇನ್ರಿ, ನೊಣ ಕುಂತಂಗಾತು” ಎಂದರು ಶಾಂತವ್ವ, ಮೊದಲನೆಯದಕ್ಕೆ.

ಎರಡನೆಯದಕ್ಕೆ, “ನಿಮ್ಮ ಕಾಲು ಐಸ್ ಆಗ್ಯಾವಲ್ರಿ. ಕಾಲಚೀಲ ಹಾಕ್ಕೊಳ್ಳೂದಿಲ್ಲೇನು? ಥಂಡಿ ಆಗತೈತಿ” ಎಂದರು.

“ಜೋರಾಗಿ, ಸಾರ್!” ಎಂದು ರಾಮಮೂರ್ತಿ ಹುರಿದುಂಬಿಸಿದರು. “ನೀವು ಗ್ರೀಕರನ್ನ ಮರೀರಿ!”

ಮೃತ್ಯುಂಜಯ ಕಣ್ಣು ಮುಚ್ಚಿ, ಕೈ ಮುಗಿದು, ಗ್ರೀಸಿನ ಸಮಸ್ತ ದೇವತೆಗಳ ಕ್ಷಮೆ ಕೇಳಿ ಮೂರನೆಯ ಸಲ ಕಾಲೆತ್ತಿದ. ಅದು ಸರಿಯಾಗಿಯೇ ಬಿತ್ತು. “ಯಪ್ಪಾ!” ಎಂಬ ಕೂಗು ಬೀದಿಯ ಆಚೆಯ ಡೇರಿ ಅಂಗಡಿಯವರೆಗೂ ಕೇಳಿಸಿತು.

“ಬಿಟ್ತೇನವ್ವ?” ಎಂದು ಕಾತ್ಯಾಯಿನಿ ಬಗ್ಗಿ ಕೇಳಿದಳು.

ಶಾಂತವ್ವ ಏಳಲು ನೋಡಿದರು. ಆಗಲಿಲ್ಲ. “ಇಲ್ಲ,” ಎಂದರು ಸಣ್ಣ ದನಿಯಲ್ಲಿ. ಬೆಳಗಿನಿಂದ ಅವರು ಅಷ್ಟು ಸಣ್ಣ ದನಿಯಲ್ಲಿ ಆಡಿದ ಮಾತು ಅದೊಂದೇ. ಮೃತ್ಯುಂಜಯನಿಗೆ ಅದು ತನಗೇ ಒದ್ದ ಹಾಗಾಯಿತು.

ಮೆಲ್ಲಗೆ ಒಳಗೆ ಕರೆತಂದು ಕುರ್ಚಿಗೆ ಆನಿಸಿ ನಿಲ್ಲಿಸಿದರು. ಅಷ್ಟರಲ್ಲಿ ಫೋನು ಬಡಿದುಕೊಳ್ಳತೊಡಗಿತು. ರಾಮಮೂರ್ತಿ ವಿಡಿಯೋವನ್ನು ಕನ್ನಡ ಕೂಟದ ಗುಂಪಿಗೆ ಹಾಕಿದ್ದರು. ‘ಮಿತ್ರ ಮೃತ್ಯುಂಜಯ ಅವರು ಅತ್ತೆಯವರಿಗೆ ಒದೆಯುತ್ತಿರುವ ಅಪರೂಪದ ದೃಶ್ಯ’ ಎಂದು ಕೆಳಗೆ ಬರೆದಿದ್ದರು.

“ಸರ್, ನನ್ನ ಮಾನ ತೆಗೆದ್ರಿ” ಎಂದು ಮೃತ್ಯುಂಜಯ ತಲೆಯ ಮೇಲೆ ಕೈ ಹೊತ್ತು ಕೂತ. ಮೊದಲ ಕರೆ ಕನ್ನಡ ಕೂಟದ ಮುಖ್ಯಸ್ಥ, ಬೆಂಗಳೂರು ಮೂಲದ ವೆಂಕಟರಮಣನದು. ಬಲು ಕಟ್ಟುನಿಟ್ಟಿನ ಮನುಷ್ಯ. ಬೈಯಿಸಿಕೊಳ್ಳಲು ತಯಾರಾಗಿ ಎತ್ತಿದ.

“ಮೃತ್ಯುಂಜಯ ಅವ್ರೇ, ವಿಡಿಯೋ ನೋಡ್ದೆ,” ಎಂದಿತು ಗಂಭೀರ ದನಿ. ಆಮೇಲೆ ಅದೇ ದನಿ ತಗ್ಗಿತು. “ಸೋಮವಾರ ಸಂಜೆ ಫ್ರೀ ಇದೀರಾ? ನಂದೂ ಸೊಂಟ ಒಂದು ತಿಂಗಳಿಂದ...”

ಎರಡನೆಯ ಕರೆ ಊರಿನಿಂದ, ಅಣ್ಣ ಚನ್ನಬಸಪ್ಪನದು. ವಿಡಿಯೋ ಅಷ್ಟರಲ್ಲಿ ಸಮುದ್ರ ದಾಟಿತ್ತು. “ಏನೋ ತಮ್ಮಾ, ಅಷ್ಟು ದೂರ ಹೋಗಿ ಎಲ್ಲಾ ಮರತೀಯೇನು? ಎಡಗಾಲು ಹಚ್ಚಿಯಲ್ಲೋ! ನಿನ್ನ ಬಲಗಾಲು ಮೊದಲ ಬಂದದ್ದು. ಊರಾಗ ಮಂದಿ ನೋಡಿ ನಗಾಕತ್ತಾರ!”

ಮೂರನೆಯದು ಫೋನಲ್ಲ, ಬಾಗಿಲು. ಬಾಗಿಲಲ್ಲಿ ಪೊಲೀಸ್.

ಅವನ ಹೆಸರು ಸಿಯೋನೆ. ಟೋಂಗಾ ಮೂಲದ ಆಳು, ಬಾಗಿಲು ತುಂಬ ಇದ್ದ. ಟೊಪ್ಪಿಗೆ ತೆಗೆದು ಬಹಳ ನಯವಾಗಿ, “ಈ ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬರಿಗೆ ಯಾರೋ ಒದೆಯುತ್ತಿದ್ದಾರೆ ಎಂದು ಒಂದು ಕರೆ ಬಂದಿದೆ” ಎಂದ.

“ಹೌದು ಸರ್, ನಾನೇ ಒದ್ದೆ,” ಎಂದ ಮೃತ್ಯುಂಜಯ. ಸುಳ್ಳು ಹೇಳಿ ಗೊತ್ತಿಲ್ಲದವನು. “ಆದರೆ ಅವರೇ ಒದಿ ಅಂದರು.”

ಒದ್ದವರೆಲ್ಲ ಪೊಲೀಸರ ಮುಂದೆ ಹೇಳುವ ಮಾತು ಇದೇ ಇರಬೇಕು. ಸಿಯೋನೆಯ ಹುಬ್ಬು ಮೇಲೇರಿತು. ಹುಬ್ಬು ಏರಿದ್ದನ್ನು ಕಂಡು ಮೃತ್ಯುಂಜಯನಿಗೆ ಗಾಬರಿಯಾಯಿತು. ಗಾಬರಿಯಾದರೆ ಅವನಿಗೆ ಗ್ರೀಕರು ನೆನಪಾಗುತ್ತಾರೆ.

“ನೋಡಿ ಸರ್, ಬೆನ್ನೆಲುಬಿನ ತುದಿಗೆ ಒಂದು ಪುಟ್ಟ ಎಲುಬಿದೆ. ಕೋಗಿಲೆ ಜಾತಿಯ ಹಕ್ಕಿಯ ಕೊಕ್ಕಿನ ಹಾಗೆ ಬಾಗಿದೆ ಎಂದು ಗ್ರೀಕರು ಅದಕ್ಕೆ ಆ ಹಕ್ಕಿಯ ಹೆಸರನ್ನೇ ಇಟ್ಟರು. ನಾನು ಅದಕ್ಕೆ ಒದೆಯಲಿಲ್ಲ. ಅದರ ಮೇಲಿನದು ಪವಿತ್ರ ಎಲುಬು...”

“ಅದಕ್ಕೆ ಒದ್ದಿರಿ.”

“ಹೌದು. ಮೂರು ಸಲ. ಮೊದಲೆರಡು ಸರಿಯಾಗಿ ಬೀಳಲಿಲ್ಲ.”

ಕಾತ್ಯಾಯಿನಿ ಹಣೆ ಹಣೆ ಬಡಿದುಕೊಂಡಳು. ರಾಮಮೂರ್ತಿ ಫೋನನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. ಸಿಯೋನೆ ದೀರ್ಘವಾಗಿ ಉಸಿರು ಬಿಟ್ಟು, “ನಾನು ಆ ಅಮ್ಮನ ಜೊತೆ ಮಾತಾಡಬೇಕು” ಎಂದ.

ಶಾಂತವ್ವನಿಗೆ ಇಂಗ್ಲಿಷು ತಿಳಿಯಲಿಲ್ಲ. ಆದರೆ ಮನೆಯ ಬಾಗಿಲಿಗೆ ಹೊಸಬರೊಬ್ಬರು ಬಂದದ್ದು, ಅವರನ್ನು ಇಷ್ಟು ಹೊತ್ತು ನಿಲ್ಲಿಸಿಯೇ ಮಾತಾಡಿಸುತ್ತಿರುವುದು ಕಾಣಿಸುತ್ತಿತ್ತು. ಅವರಿಗೆ ಅಳಿಯನ ಮೇಲೂ ಮಗಳ ಮೇಲೂ ಒಟ್ಟಿಗೇ ಸಿಟ್ಟು ಬಂತು.

“ಇದೇನ್ ರೀತಿ? ಮನಿಗೆ ಬಂದವ್ರಿಗೆ ಕುಂಡ್ರು ಅಂತ ಅಂದ್ರಿಲ್ಲ, ನೀರು ಕೊಟ್ರಿಲ್ಲ! ಎಷ್ಟೊತ್ತಿನಿಂದ ನಿಂತಾನ ಪಾಪ, ಆನಿಯಂಥಾ ಮನಷ್ಯಾ!”

ಬೈಯುತ್ತಲೇ ಅಡುಗೆಮನೆಗೆ ಹೋದರು. ಅಲ್ಲಿಂದ ಡಬ್ಬಿಯ ಸದ್ದು, ಲೋಟದ ಸದ್ದು. ಒಂದು ಗಳಿಗೆಗೆ ತಟ್ಟೆಯಲ್ಲಿ ನೀರು, ಶೇಂಗಾ ಉಂಡಿ ಇಟ್ಟುಕೊಂಡು ಹೊರಬಂದರು. ಸಿಯೋನೆಯ ಮುಂದೆ ಹಿಡಿದು, “ತಗೋಳಪ್ಪ” ಎಂದರು.

ಎಲ್ಲರೂ ಅವರನ್ನೇ ನೋಡಿದರು.

“ಅಮ್ಮಾ,” ಎಂದರು ರಾಮಮೂರ್ತಿ ಪಿಸುದನಿಯಲ್ಲಿ, “ನೀವು ನೆಟ್ಟಗೆ ನಿಂತಿದೀರ.”

ಶಾಂತವ್ವ ತಮ್ಮ ಮೈಯನ್ನು ತಾವೇ ಬಗ್ಗಿ ನೋಡಿಕೊಂಡರು. ಬಗ್ಗಿದರು, ಎದ್ದರು. ಇನ್ನೊಮ್ಮೆ ಬಗ್ಗಿ ಎದ್ದರು. ಸ್ವಲ್ಪ ನೋವಿತ್ತು, ಆದರೆ ಸೊಂಟ ಬಿಟ್ಟಿತ್ತು.

“ಒದೆ!” ಎಂದರು ರಾಮಮೂರ್ತಿ.

“ಮಾತ್ರಿ,” ಎಂದಳು ಕಾತ್ಯಾಯಿನಿ.

“ಪೊಲೀಸರು,” ಎಂದ ಮೃತ್ಯುಂಜಯ, ಕಣ್ಣಲ್ಲಿ ನೀರು ತಂದುಕೊಂಡು.

ಕಾತ್ಯಾಯಿನಿ ಎಲ್ಲವನ್ನೂ ಮೊದಲಿನಿಂದ ಬಿಡಿಸಿ ಹೇಳಿದಳು. ಸಿಯೋನೆ ಶಾಂತವ್ವನನ್ನೇ ಎರಡೆರಡು ಸಲ ಕೇಳಿಸಿ ಖಾತ್ರಿ ಮಾಡಿಕೊಂಡ ಮೇಲೆ ಕುರ್ಚಿಯಲ್ಲಿ ಕೂತ. ಉಂಡಿ ತಿನ್ನುತ್ತ, “ನಮ್ಮಜ್ಜಿ ಭಾನುವಾರ ಚರ್ಚು ಮುಗಿಸಿ ಬಂದು ಚಾಪೆಯ ಮೇಲೆ ಬೋರಲು ಮಲಗುತ್ತಿದ್ದಳು. ಮಕ್ಕಳೆಲ್ಲ ಬೆನ್ನ ಮೇಲೆ ನಡೆಯಬೇಕು. ನಾನು ಎಲ್ಲರಿಗಿಂತ ದಪ್ಪ, ಅದಕ್ಕೆ ನನ್ನನ್ನೇ ಮೊದಲು ಕರೆಯುತ್ತಿದ್ದಳು” ಎಂದ. ಹೊರಡುವಾಗ ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ, “ಇಡೀ ದಿನ ಕಾರಿನಲ್ಲಿ ಕೂತು ಕೂತು ನನಗೂ ಸೊಂಟ...” ಎಂದು ಅರ್ಧಕ್ಕೆ ನಿಲ್ಲಿಸಿದ.

ಮೃತ್ಯುಂಜಯ ಎರಡು ಹೆಜ್ಜೆ ಹಿಂದೆ ಸರಿದ. “ಡ್ಯೂಟಿಯಲ್ಲಿರುವ ಪೊಲೀಸರಿಗೆ ಒದ್ದರೆ ಏನು ಶಿಕ್ಷೆ, ಸರ್?”

“ಅದೂ ನಿಜ,” ಎಂದ ಸಿಯೋನೆ. “ಯೂನಿಫಾರಂ ಇಲ್ಲದಾಗ ಬರುತ್ತೇನೆ.”

ಅವನು ಹೋದ ಹಿಂದೆಯೇ ಡೋರೀನ್ ಬಂದಳು. ಕೈಯಲ್ಲೊಂದು ಚೀಲ, ಚೀಲದ ತುಂಬ ಅವಳ ಹಿತ್ತಲಿನ ಫಿಜೋವಾ ಹಣ್ಣು. ಮುಖ ಕೆಂಪಾಗಿತ್ತು. “ಕ್ಷಮಿಸಪ್ಪ. ಫೋನ್ ಮಾಡಿದವಳು ನಾನೇ. ನನಗೆ ಗೊತ್ತಾಗಲಿಲ್ಲ. ನಾನು ನಿಮ್ಮ ಮನೆಯ ವಿಷಯದಲ್ಲಿ...” ಅವಳು ಗಂಟಲು ಸರಿಮಾಡಿಕೊಂಡಳು.

ಬೇರೆ ಹೊತ್ತಾಗಿದ್ದರೆ ಮೃತ್ಯುಂಜಯ ಗಂಟಲಿನ ಮೆದು ಎಲುಬಿಗೆ ಗ್ರೀಕರು ಗುರಾಣಿಯ ಹೆಸರಿಟ್ಟದ್ದು ಯಾಕೆಂದು ಶುರು ಮಾಡುತ್ತಿದ್ದ. ಈಗ ಅವನು ಚೀಲವನ್ನು ಎರಡೂ ಕೈಯಲ್ಲಿ ಇಸಿದುಕೊಂಡ.

“ನೀವು ಫೋನ್ ಮಾಡಿದ್ದೇ ಒಳ್ಳೆಯದಾಯಿತು, ಡೋರೀನ್. ನಾವು ಹಗಲೆಲ್ಲ ಕೆಲಸಕ್ಕೆ ಹೋಗುತ್ತೇವೆ. ಅತ್ತೆ ಒಬ್ಬರೇ ಇರುತ್ತಾರೆ, ಭಾಷೆ ಬರುವುದಿಲ್ಲ. ಏನಾದರೂ ಆದರೆ ಯಾರು ಕೇಳುತ್ತಾರೆ ಎಂಬುದೇ ನನ್ನ ಯೋಚನೆಯಾಗಿತ್ತು. ನೀವು ಕೇಳುತ್ತೀರಿ ಎಂದು ಇವತ್ತು ಗೊತ್ತಾಯಿತು.”

“ಏನಂತಾಳ ಆಕಿ?” ಎಂದರು ಶಾಂತವ್ವ.

“ನಿಮಗ ಯಾರರ ಒದ್ರ ಬಿಡೂದಿಲ್ಲ ಅಂತಾಳ್ರಿ.”

ಶಾಂತವ್ವ ಡೋರೀನಳ ಕೈ ಹಿಡಿದು ಎಳೆದು ಕೂಡಿಸಿ, ಉಳಿದ ಉಂಡಿಯನ್ನೆಲ್ಲ ಅವಳ ಉಡಿಗೆ ಹಾಕಿದರು. “ಇಂಥಾಕಿ ಒಬ್ಬಾಕಿ ನಮ್ಮ ಓಣ್ಯಾಗೂ ಇದ್ರ ಎಷ್ಟ್ ಮಂದಿ ಅತ್ತೀ–ಸೊಸೀ ಬಚಾವ್ ಆಗತಿದ್ರು” ಎಂದರು. ಮೃತ್ಯುಂಜಯ ಅದನ್ನು ಅನುವಾದಿಸಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಶಾಂತವ್ವನನ್ನು ಕಾರಿನ ಮುಂದಿನ ಸೀಟಿನಲ್ಲಿ ನಾಲ್ಕು ದಿಂಬುಗಳ ನಡುವೆ, ಒಡೆಯುವ ಸಾಮಾನಿನ ಹಾಗೆ ಕೂಡಿಸಿದರು. ಹಿಂದೆ ಕಾತ್ಯಾಯಿನಿ ಮತ್ತು ಗುಗ್ಗರಿಯ ಪಾತ್ರೆ. ಅದರ ಹಿಂದೆ ರಾಮಮೂರ್ತಿಯವರ ಯೂಟಿನಲ್ಲಿ ತೊಟ್ಟಿಲು. ಅರ್ಧ ತಾಸಿಗೊಮ್ಮೆ ಕಾರು ನಿಲ್ಲಿಸಿ ಅತ್ತೆಯನ್ನು ಇಳಿಸಿ ನಾಲ್ಕು ಹೆಜ್ಜೆ ನಡೆಸಿದ ಮೃತ್ಯುಂಜಯ, ಕೈಮಾಯ್ ಘಾಟು ದಾಟುವ ತನಕ ಒಂದೇ ಒಂದು ಎಲುಬಿನ ಹೆಸರು ಎತ್ತಲಿಲ್ಲ. ರಾಮಮೂರ್ತಿ ಇದನ್ನು ಆಮೇಲೆ ಎಲ್ಲರಿಗೂ ಪವಾಡವೆಂದು ಹೇಳಿದರು.

ಟೌರಂಗಾದಲ್ಲಿ ವಚನಾ ಬಾಗಿಲಲ್ಲೇ ಅವ್ವನನ್ನು ತಬ್ಬಿಕೊಂಡು ಅತ್ತಳು. ಅವಳ ಗಂಡ ಚನ್ನವೀರ ಹಾಲಿನ ನಡುವೆ ಸ್ಟ್ಯಾಂಡು ಹೂಡಿ ತೊಟ್ಟಿಲು ತೂಗುಹಾಕಿದ. ವಚನಾಳೊಂದಿಗೆ ಹಣ್ಣು ತುಂಬುವ ಕಿವಿಫ್ರೂಟ್ ಪ್ಯಾಕ್‌ಹೌಸಿನ ಗೆಳತಿಯರು, ಆಸ್ಪತ್ರೆಯ ನರ್ಸುಗಳು, ಎದುರು ಮನೆಯವರು ಸುತ್ತ ನಿಂತರು. ಶಾಂತವ್ವ ಸೆರಗು ಸಿಕ್ಕಿಸಿಕೊಂಡು, ಕುಂಚಿಗಿ ತೊಡಿಸಿದ ಕೂಸನ್ನು ಎತ್ತಿಕೊಂಡರು. ತೊಟ್ಟಿಲ ಪಕ್ಕ ನಿಂತು, ಶಿವನ ಹೆಸರು ಹೇಳಿ, ಬಗ್ಗಿದರು.

ಮೃತ್ಯುಂಜಯ ಉಸಿರು ಹಿಡಿದ. ಕಾತ್ಯಾಯಿನಿ ಅವನ ತೋಳು ಹಿಡಿದಳು.

ಕೂಸು ತೊಟ್ಟಿಲ ಈ ಕಡೆಯಿಂದ ಕೆಳಗೆ ಹೋಗಿ ಆ ಕಡೆ ವಚನಾಳ ಕೈಗೆ ದಾಟಿತು, ಮೇಲಿನಿಂದ ಮತ್ತೆ ಅಜ್ಜಿಯ ಕೈಗೆ ಬಂತು. ಶಾಂತವ್ವ ಮೆಲ್ಲಗೆ, ಪೂರ್ತಿ ನೆಟ್ಟಗೆ ಎದ್ದರು. ಅನನ್ಯಾ ಎಂದು ಕಿವಿಯಲ್ಲಿ ಹೆಸರು ಹೇಳಿ ತೊಟ್ಟಿಲಲ್ಲಿ ಮಲಗಿಸಿದರು. ಹೆಂಗಸರು ಹಾಡತೊಡಗಿದರು. ಹಾಡು ಬಾರದ ನರ್ಸುಗಳು ಚಪ್ಪಾಳೆ ತಟ್ಟಿದರು.

ಗುಗ್ಗರಿ ಹಂಚಿ, ಊಟ ಮುಗಿದು, ಮನೆ ತುಸು ಖಾಲಿಯಾದ ಮೇಲೆ ಮೃತ್ಯುಂಜಯ ತೊಟ್ಟಿಲ ಹತ್ತಿರ ಬಂದ. ಶಾಂತವ್ವ ಕುರ್ಚಿ ಹಾಕಿಕೊಂಡು ತೂಗುತ್ತ ಕೂಸಿನ ಮೇಲೆ ಬಾಗಿದ್ದರು.

“ಅಳಿಯಾರ, ನೀವು ಒದ್ದಿದ್ದಕ್ಕ ನಾ ಇಲ್ಲೀತನ ಬಂದೆ. ನಿಮ್ಮ ಕಾಲಿಗೆ ಪುಣ್ಯಾ ಬರ್ಲಿ.”

“ಮಾತ್ರೀನೂ ಇತ್ತಲ್ರಿ, ಅತ್ತಿಯವರ.”

“ಮಾತ್ರಿ ಕೊಟ್ಟ ಡಾಕ್ಟರವ್ವಗೂ ಬರ್ಲಿ. ಆ ಆನಿಯಂಥಾ ಪೊಲೀಸಪ್ಪಗೂ ಬರ್ಲಿ. ಪುಣ್ಯಾ ಏನ್ ಕಡಿಮಿ ಬೀಳತೈತೇನು?” ಕೂಸಿನತ್ತ ನೋಡಿದರು. “ಇಲ್ಲಿ ಬರ್ರಿ, ಇದರ ಕಣ್ಣಾಗ ನೋಡ್ರಿ. ನಾ ಕಾಣಸಾಕತ್ತೀನಿ. ಇಷ್ಟ ಸಣ್ಣಾಕಿ ಆಗಿ.”

ಮೃತ್ಯುಂಜಯನಿಗೆ ತಡೆಯಲಾಗಲಿಲ್ಲ. “ಅತ್ತಿಯವರ, ಒಂದ ಮಾತು ಹೇಳ್ಲೇನ್ರಿ? ಕಣ್ಣಿನ ಆ ಕರೀ ಬಿಂದು ಐತಲ್ಲ, ಅದಕ್ಕ ಗ್ರೀಕರು ‘ಸಣ್ಣ ಹುಡುಗಿ’ ಅಂತ ಹೆಸರಿಟ್ರು. ಗೊಂಬಿ ಅಂತಾನೂ ಅರ್ಥ. ಯಾಕಂದ್ರ ಹತ್ರ ಹೋಗಿ ನೋಡಿದ್ರ ನಾವ ಗೊಂಬಿಯಾಗಿ ಅದರಾಗ ಕಾಣತೀವಿ.”

“ಮತ್ತ ನಾವೂ ಕಣ್ಣಪಾಪಿ ಅಂತೀವಲ್ರಿ. ಪಾಪಿ ಅಂದ್ರೂ ಗೊಂಬಿನ.”

ಮೃತ್ಯುಂಜಯ ಹಣೆ ತಟ್ಟಿಕೊಂಡ. ಎಷ್ಟು ವರ್ಷ ಬಸ್ಸಿನಲ್ಲಿ ಕೇಳಿದ್ದ, ಇದು ಹೊಳೆದಿರಲಿಲ್ಲ.

“ಒಳ್ಳೇ ಮಂದಿ ಕಾ‌ಣತೈತಿ ನಿಮ್ಮ ಗ್ರೀಕರು,” ಎಂದರು ಶಾಂತವ್ವ. “ಅವರೂ ಕೂಸುಗಳ್ನ ಹತ್ರ ಹೋಗಿ ನೋಡ್ಯಾರ. ಬರ್ರಿ, ನೀವೂ ಕಾಣತೀರೇನು ನೋಡ್ರಿ.”

ಮೃತ್ಯುಂಜಯ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ, ಹಾಕಿಕೊಂಡು, ತೊಟ್ಟಿಲ ಮೇಲೆ ಬಗ್ಗಿದ. ಕೂಸು ಅವನನ್ನು ಒಮ್ಮೆ ನೋಡಿ, ಬಾಯಿ ತುಂಬ ಆಕಳಿಸಿ, ಕಣ್ಣು ಮುಚ್ಚಿ ನಿದ್ದೆಹೋಯಿತು.